ಕ್ಲಾರಿಯೋನೆಟ್‌ನ ಮಂದ್ರ

ಬೀದರ್, ಭಾಲ್ಕಿ, ಔರಾದ್ ಕಡೆ ಮದುವೆ ಮೆರವಣಿಗೆಯ ಬ್ಯಾಂಡ್‌ನಲ್ಲಿ ಕ್ಲಾರಿಯೋನೆಟ್ ಅಂದರೆ ಏರುದನಿಯ ವಾದ್ಯ. ತಾಶಾ, ಡ್ರಮ್ಮುಗಳ ಸದ್ದು ಮೀರಿ ಹಾಡಿನ ಧಾಟಿ ಜನರ ಕಿವಿಗೆ ಬೀಳಬೇಕು, ಊದುವವರು ತಾರಕ್ಕೇರದೆ ವಿಧಿಯಿಲ್ಲ. ಹಾಗಾಗಿ ಈ ವಾದ್ಯದ ಅತಿ ಚೆಲುವಾದ ಭಾಗ, ಅದರ ಮಂದ್ರ, ಬೀದಿಯಲ್ಲಿ ಕೇಳಲು ಸಿಗುವುದೇ ಇಲ್ಲ. 1791ರಲ್ಲಿ ಪಾಶ್ಚಾತ್ಯ ಸಂಗೀತಕಾರ ಮೊಜಾರ್ಟ್ ಮನಸೋತದ್ದು ಆ ಮಂದ್ರಕ್ಕೇ.

ಆ ಮಂದ್ರದ ಗುಟ್ಟು ಕೊಳವೆಯಲ್ಲಿದೆ. ಶಹನಾಯಿಯ ಕೊಳವೆ ಕೆಳಗಿಳಿದಂತೆ ಅಗಲವಾಗುತ್ತದೆ. ದನಿ ಮೇಲಕ್ಕೆ ಜಿಗಿದರೆ ಒಂದು ಸಪ್ತಕ ಜಿಗಿಯುತ್ತದೆ. ಕ್ಲಾರಿಯೋನೆಟ್ ಕೊಳವೆಯ ಅಗಲ ಬಹುಪಾಲು ಒಂದೇ. ಅದರ ದನಿ ಷಡ್ಜದಿಂದ ನೇರ ತಾರ ಪಂಚಮಕ್ಕೆ ಹಾರುತ್ತದೆ. ಅಷ್ಟು ಚಿಕ್ಕ ಕೊಳವೆಯಿಂದ ಅಷ್ಟು ಆಳದ ಸ್ವರ ಬರುವುದೂ ಈ ರಚನೆಯಿಂದಲೇ.

ವಿಯೆನ್ನಾದ ವಾದಕ ಆಂಟನ್ ಸ್ಟಾಡ್ಲರ್ ಮೊಜಾರ್ಟನ ಗೆಳೆಯ. ಅವನ ಬಳಿ ಇನ್ನೂ ಕೆಳಗಿನ ಸ್ವರಗಳಿಗೆ ಇಳಿಯಬಲ್ಲ ಉದ್ದನೆಯ ಕ್ಲಾರಿಯೋನೆಟ್ ಇತ್ತು, ಅದೇ ಬ್ಯಾಸೆಟ್ ಕ್ಲಾರಿಯೋನೆಟ್. ಅದಕ್ಕಾಗಿ ಮೊಜಾರ್ಟ್ ಬರೆದ ಕನ್ಚೆರ್ಟೊದಲ್ಲಿ, ಅಂದರೆ ಒಂಟಿ ವಾದ್ಯ ಮತ್ತು ವೃಂದದ ಕೃತಿಯಲ್ಲಿ, ತಂತಿವಾದ್ಯಗಳ ಜೊತೆ ಎರಡು ಕೊಳಲು, ಎರಡು ಬಸೂನ್, ಎರಡು ಹಾರ್ನ್ ಅಷ್ಟೇ. ಟ್ರಂಪೆಟ್ ಇಲ್ಲ, ಒಂದು ನಗಾರಿಯೂ ಇಲ್ಲ. ಒಂಟಿ ವಾದ್ಯ ಕೂಗಾಡಬೇಕಾದ ಪ್ರಮೇಯವನ್ನೇ ಮೊಜಾರ್ಟ್ ತೆಗೆದುಹಾಕಿದ್ದಾನೆ. ನಿಧಾನಗತಿಯ ಎರಡನೇ ಭಾಗದಲ್ಲಿ ಕ್ಲಾರಿಯೋನೆಟ್ ಒಂದು ಸರಳ ಧಾಟಿ ಎತ್ತಿಕೊಳ್ಳುತ್ತದೆ, ವೃಂದವೆಲ್ಲ ಅದನ್ನೇ ತುಂಬಿ ನುಡಿಯುತ್ತದೆ. ಮೊದಲ ಭಾಗದಲ್ಲಂತೂ ಸ್ವರ ಮೇಲಿಂದ ಸರ್ರನೆ ಕೆಳಕ್ಕೆ ಧುಮುಕುತ್ತದೆ. ಒಂದೇ ವಾದ್ಯದಲ್ಲಿ ಇಬ್ಬರು ಮಾತಿಗೆ ಕೂತ ಹಾಗೆ. ಅದೇ 1791ರ ಡಿಸೆಂಬರ್ 5ರಂದು ಮೊಜಾರ್ಟ್ ತೀರಿಕೊಂಡ. ವಯಸ್ಸು 35.

ಕನ್ಚೆರ್ಟೊದ ಅವನ ಹಸ್ತಪ್ರತಿ ಕಳೆದುಹೋಯಿತು. ಹತ್ತು ವರ್ಷದ ನಂತರ ಅಚ್ಚಾದ ಪ್ರತಿ ಸಾಮಾನ್ಯ ಕ್ಲಾರಿಯೋನೆಟ್‌ಗೆ ಹೊಂದಿಸಿದ್ದು. ಕೆಳಗಿನ ಸ್ವರಗಳನ್ನೆಲ್ಲ ಮೇಲಕ್ಕೆ ಎತ್ತಿಟ್ಟಿದ್ದರು. ಒಂದೂವರೆ ಶತಮಾನ ಲೋಕ ಕೇಳಿದ್ದು ಹೀಗೆ ಮಂದ್ರ ಕತ್ತರಿಸಿದ ಕೃತಿಯನ್ನು. ಇದು ನನಗೆ ನಿಜಕ್ಕೂ ಸಂಕಟದ ಸಂಗತಿ. ಇಪ್ಪತ್ತನೇ ಶತಮಾನದಲ್ಲಿ ಉದ್ದ ವಾದ್ಯವನ್ನು ಮತ್ತೆ ತಯಾರಿಸಿ, ಆ ಸ್ವರಗಳನ್ನು ಊಹೆಯಿಂದ ಕೂಡಿಸಿದರು. ಸ್ಟಾಡ್ಲರನ ವಾದ್ಯದ ಚಿತ್ರವಿದ್ದ 1794ರ ರೀಗಾ ಸಂಗೀತ ಕಛೇರಿಯ ಕಾರ್ಯಕ್ರಮ ಪತ್ರ ಸಿಕ್ಕಿದ್ದು 1992ರಲ್ಲಿ.

ನಮ್ಮ ಭಾಗದ ಕಿವಿಗೆ ಇದು ದೂರದ ಸಂಗೀತವೇನಲ್ಲ. ಕಲ್ಯಾಣ ಕರ್ನಾಟಕದವರೇ ಆದ ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿ ಹಿಂದೂಸ್ತಾನಿ ರಾಗಗಳನ್ನು ಕ್ಲಾರಿಯೋನೆಟ್‌ನಲ್ಲಿ ನುಡಿಸಿ ಹೆಸರಾದವರು. ಅವರು ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಶಿಷ್ಯರು. ಬ್ಯಾಂಡ್‌ನ ವಾದ್ಯ ಆಲಾಪಕ್ಕೂ ಒಗ್ಗುತ್ತದೆಂದು ತೋರಿಸಲು ನಮಗೆ ವಿಯೆನ್ನಾವೇ ಬೇಕಿಲ್ಲ. ವಡವಾಟಿಯವರ ಒಂದು ವಿಳಂಬಿತ ಕೇಳಿ, ಬೆನ್ನಿಗೇ ಮೊಜಾರ್ಟನ ಎರಡನೇ ಭಾಗ ಕೇಳಬೇಕು. ಧ್ವನಿಮುದ್ರಿಕೆ ಆರಿಸುವಾಗ ಬ್ಯಾಸೆಟ್ ಕ್ಲಾರಿಯೋನೆಟ್ ಎಂದು ನಮೂದಿಸಿದ್ದನ್ನೇ ಆರಿಸಿಕೊಳ್ಳಿ. ಕೆಳಗಿನ ಸ್ವರಗಳು ಸಿಗುವುದು ಅದರಲ್ಲೇ.