ಜೆಲಾಟೊ: ಗಾಳಿಯ ಲೆಕ್ಕಾಚಾರ

ಇಟಲಿಯ ಟ್ಯೂರಿನ್ ನಗರದ ಚಾಕೊಲೇಟ್ ಅಂಗಡಿಗಳಲ್ಲಿ ಮಗುಚಿಟ್ಟ ದೋಣಿಯಾಕಾರದ ಪುಟ್ಟ ತುಣುಕುಗಳು ಸಿಗುತ್ತವೆ. ಇದರ ಹೆಸರು ‘ಜಾಂಡುಯೋಟ್ಟೊ’. 1806ರಲ್ಲಿ ನೆಪೋಲಿಯನ್ ಬ್ರಿಟನ್ನಿನೊಡನೆ ವ್ಯಾಪಾರ ನಿಷೇಧಿಸಿದಾಗ ಕೋಕೋ ದುಬಾರಿಯಾಯಿತು. ಆಗ ಅಲ್ಲಿನವರು ತಮ್ಮ ಸೀಮೆಯಲ್ಲೇ ಬೆಳೆಯುವ ಹೇಜಲ್ ಬೀಜವನ್ನು ಅರೆದು ಕೋಕೋಗೆ ಬೆರೆಸತೊಡಗಿದರೆಂದು ಹೇಳುತ್ತಾರೆ. ಕೊರತೆಯೇ ಹೊಸ ರುಚಿಗೆ ದಾರಿಯಾಯಿತು!

ಅದೇ ಮಿಶ್ರಣದ ‘ಜೆಲಾಟೊ’ ಕೂಡ ಅಲ್ಲಿ ಜನಪ್ರಿಯ. ಜೆಲಾಟೊ ಎಂದರೆ ಐಸ್‌ಕ್ರೀಮೇ ಅಲ್ಲವೇ ಎಂದು ನೀವು ಕೇಳಬಹುದು. ಹತ್ತಿರದ ಸಂಬಂಧಿ, ಅಷ್ಟೆ. ಜೆಲಾಟೊದಲ್ಲಿ ಹಾಲು ಹೆಚ್ಚು, ಕೆನೆ ಕಡಿಮೆ. ಕೊಬ್ಬು ಕಡಿಮೆಯಾದ್ದರಿಂದ ನಾಲಿಗೆಯ ಮೇಲೆ ಜಿಡ್ಡಿನ ಪದರ ದಟ್ಟವಾಗದು. ಐಸ್‌ಕ್ರೀಮನ್ನು ಸಾಮಾನ್ಯವಾಗಿ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಜೆಲಾಟೊವನ್ನು ಸುಮಾರು ಮೈನಸ್ 12ರಲ್ಲಿ ಬಡಿಸುತ್ತಾರೆ. ನಾಲಿಗೆ ಅಷ್ಟಾಗಿ ಮರಗಟ್ಟದೆ ರುಚಿ ಬೇಗ ತಿಳಿಯುತ್ತದೆ.

ಮುಖ್ಯ ವ್ಯತ್ಯಾಸ ಗಾಳಿಯದು. ಕಡೆಯುವಾಗ ಎರಡರಲ್ಲೂ ಗಾಳಿ ಸೇರುತ್ತದೆ. ನಿಧಾನವಾಗಿ ಕಡೆದ ಜೆಲಾಟೊದ ಗಾತ್ರದಲ್ಲಿ ಗಾಳಿ ಸುಮಾರು ಕಾಲುಭಾಗ. ಅಗ್ಗದ ಐಸ್‌ಕ್ರೀಮಿನಲ್ಲಿ ಅರ್ಧದಷ್ಟೂ ಇರಬಹುದು. ಇದನ್ನು ನೀವೇ ಪರೀಕ್ಷಿಸಬಹುದು. 1 ಲೀಟರ್ ಐಸ್‌ಕ್ರೀಮಿನ ತೂಕ ನೋಡಿ. ಅದು 550 ಗ್ರಾಂ ಆಸುಪಾಸಿನಲ್ಲಿದ್ದರೆ, ನೀವು ಕೊಂಡ ಡಬ್ಬಿಯಲ್ಲಿ ಸುಮಾರು ಅರ್ಧ ಗಾಳಿಯೇ!