ಚಳಿಗಾಲಕ್ಕೆ ಚಾವಣಿ ಹಾಕಿದ ಊರು

ಅಮೆರಿಕದ ವಿಸ್ಕಾನ್ಸಿನ್ ಡೆಲ್ಸ್ ಸುಮಾರು ಮೂರು ಸಾವಿರ ಜನರ ಪುಟ್ಟ ಊರು. ಮರಳುಗಲ್ಲಿನ ನದಿಕಣಿವೆ ನೋಡಲು 19ನೇ ಶತಮಾನದಿಂದಲೂ ಅಲ್ಲಿಗೆ ಪ್ರವಾಸಿಗರು ಬರುತ್ತಿದ್ದಾರೆ. 1979ರಲ್ಲಿ 'ನೋವಾಸ್ ಆರ್ಕ್' ಜಲೋದ್ಯಾನ ತೆರೆಯಿತು. ಆದರೆ ಬೇಸಿಗೆ ಮುಗಿದರೆ ನೀರಾಟವೂ ಮುಗಿಯಿತು. ಚಳಿಗಾಲದಲ್ಲಿ ಅಲ್ಲಿ ನೀರೇ ಹೆಪ್ಪುಗಟ್ಟುತ್ತದೆ!

1994ರಲ್ಲಿ ಪಾಲಿನೇಷ್ಯನ್ ಹೋಟೆಲು ನೀರಾಟವನ್ನು ಚಾವಣಿಯ ಕೆಳಗೆ ತಂದಿತು. 2000ದಲ್ಲಿ 'ಕಲಹಾರಿ' ಬಂತು. ಬೇಸಿಗೆಯನ್ನೇ ನಂಬಿದ್ದ ಊರಿಗೆ ವರ್ಷವಿಡೀ ದುಡಿಮೆ ಸಿಕ್ಕಿತು.

ಇದಕ್ಕೆ ತೆರಬೇಕಾದ ಬೆಲೆಯೇನು? ಸ್ನಾನ ಮುಗಿಸಿ ಬಂದ ಮಗು ನಡುಗುವುದನ್ನು ನೋಡಿದ್ದೀರಲ್ಲ? ಮೈಮೇಲಿನ ನೀರು ಆವಿಯಾಗುವಾಗ ದೇಹದ ಶಾಖವನ್ನು ಹೀರುತ್ತದೆ. ಪಠ್ಯದಲ್ಲಿ ಬರುವ ಗುಪ್ತೋಷ್ಣ ಇದೇ. ಬೆಚ್ಚನೆಯ ಕೊಳದಿಂದ ಒಂದು ಕಿಲೋ ನೀರು ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋದಂತೆ. ಆ ಆವಿ ತಣ್ಣನೆಯ ಗಾಜಿನ ಮೇಲೆ ಹನಿಗಟ್ಟುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಆದ್ದರಿಂದ ಚಳಿಗಾಲವಿಡೀ ನೀರನ್ನು ಕಾಯಿಸಬೇಕು, ಗಾಳಿಯ ತೇವವನ್ನೂ ತೆಗೆಯಬೇಕು. ಎರಡಕ್ಕೂ ಇಂಧನ ಬೇಕು.

ಮಕ್ಕಳೇ, ಎರಡು ಒಂದೇ ಅಳತೆಯ ಪಾತ್ರೆಗಳಲ್ಲಿ ಸಮನಾಗಿ ಬಿಸಿನೀರು ತುಂಬಿ, ಒಂದನ್ನು ಮುಚ್ಚಿಡಿ. ಅರ್ಧ ಗಂಟೆ ಬಿಟ್ಟು ಉಷ್ಣಮಾಪಕದಿಂದ ಅಳೆಯಿರಿ. ರಾತ್ರಿ ಕೊಳಕ್ಕೆ ಹೊದಿಕೆ ಹಾಸಿದರೆ ಇಂಧನ ಏಕೆ ಉಳಿಯುತ್ತದೆಂದು ಅಪ್ಪ ಅಮ್ಮನಿಗೆ ನೀವೇ ವಿವರಿಸಬಲ್ಲಿರಿ.