ಕಟ್ಟಿದ ಸ್ತನ ಗಟ್ಟಿಯಾದರೆ

ದೆಹಲಿ, ಗುರುಗ್ರಾಮ, ನೋಯ್ಡಾದ ಆಸ್ಪತ್ರೆಗಳಲ್ಲಿ ಕ್ಯಾನ್ಸರ್‌ಗಾಗಿ ಸ್ತನ ತೆಗೆದ ಜಾಗಕ್ಕೆ ಸಿಲಿಕೋನ್ ಇಂಪ್ಲಾಂಟ್ ಇಟ್ಟು ಆಕಾರ ಕಟ್ಟಿಕೊಡುತ್ತಾರೆ. ಆಮೇಲೆ ತೊಡಕಾದರೆ ಹೆದರಿಸುವ ಮಾತೇ ಕಿವಿಗೆ ಬೀಳುತ್ತದೆ. ಸರಿಪಡಿಸುವ ದಾರಿಯನ್ನು ಹೇಳುವವರು ಕಡಿಮೆ.

ತಪ್ಪು ಕಲ್ಪನೆ: ಗಟ್ಟಿಯಾಯಿತೆಂದರೆ ಕ್ಯಾನ್ಸರ್ ಮರಳಿತು.

ಸತ್ಯ: ಹೊರಗಿನ ವಸ್ತು ಒಳಹೊಕ್ಕರೆ ದೇಹ ಅದರ ಸುತ್ತ ಪೊರೆ ಕಟ್ಟುತ್ತದೆ. ಇದು ಎಲ್ಲರಲ್ಲೂ ಆಗುವಂಥದ್ದು. ಕೆಲವರಲ್ಲಿ ಪೊರೆ ದಪ್ಪಗಾಗಿ, ಕುಗ್ಗಿ, ಇಂಪ್ಲಾಂಟನ್ನು ಹಿಂಡುತ್ತದೆ. ‘ಕರೆಂಟ್’ ಕೊಡಿಸಿಕೊಂಡವರಲ್ಲಿ, ಅಂದರೆ ರೇಡಿಯೇಷನ್ ಆದವರಲ್ಲಿ, ಇದು ಹೆಚ್ಚು. ವೈದ್ಯರು ಬೇಕರ್ ಅಳತೆಯಲ್ಲಿ 4 ಹಂತ ಗುರುತಿಸುತ್ತಾರೆ. 3ರಲ್ಲಿ ಆಕಾರ ಕೆಡುತ್ತದೆ, 4ರಲ್ಲಿ ನೋವೂ ಸೇರುತ್ತದೆ. ಆಗ ಸರ್ಜನ್ ಪೊರೆಯನ್ನು ಸೀಳಿ ಸಡಿಲಿಸುತ್ತಾರೆ, ಇಲ್ಲವೇ ಬಿಡಿಸಿ ತೆಗೆದು ಹೊಸ ಇಂಪ್ಲಾಂಟ್ ಇಡುತ್ತಾರೆ. ಎದೆಯ ಸ್ನಾಯುವಿನ ಕೆಳಗಿದ್ದ ಇಂಪ್ಲಾಂಟನ್ನು ಸ್ನಾಯುವಿನ ಮೇಲಕ್ಕೆ ತರುವುದೂ ಉಂಟು. ಚರ್ಮವೇ ಸೊರಗಿದ್ದರೆ ಬೆನ್ನಿನ ಸ್ನಾಯುವನ್ನು ಚರ್ಮ, ರಕ್ತನಾಳಗಳ ಸಮೇತ ಕಂಕುಳಡಿಯಿಂದ ಮುಂದಕ್ಕೆ ತಿರುಗಿಸಿ ಹೊದಿಸುತ್ತಾರೆ. ಇಟಲಿಯ ಸರ್ಜನ್ ತಾನ್ಸಿನಿ ನೂರು ವರ್ಷದ ಹಿಂದೆಯೇ ತೋರಿಸಿದ ಈ ವಿಧಾನ ಇಂದಿಗೂ ಎಷ್ಟೋ ಹೆಣ್ಣುಮಕ್ಕಳ ಕೈಹಿಡಿಯುತ್ತಿದೆ, ನನಗದು ಬೆರಗು. ಗಟ್ಟಿಯಾದದ್ದೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಹೊಸ ಗಂಟು ಕೈಗೆ ಸಿಕ್ಕರೆ ಪರೀಕ್ಷೆ ತಪ್ಪಿಸುವಂತಿಲ್ಲ.

ತಪ್ಪು ಕಲ್ಪನೆ: ಸೋಂಕು ತಗುಲಿದರೆ ಎಲ್ಲ ಮುಗಿಯಿತು.

ಸತ್ಯ: ಬೇಗ ವೈದ್ಯರ ಬಳಿ ಹೋದರೆ ಆಂಟಿಬಯಾಟಿಕ್‌ನಲ್ಲೇ ಇಳಿಯಬಹುದು. ಇಳಿಯದಿದ್ದರೆ ಒಳಜಾಗವನ್ನು ಕೆರೆದು, ತೊಳೆದು, ಹೊಸ ಇಂಪ್ಲಾಂಟ್ ಇಟ್ಟು ಉಳಿಸಿಕೊಳ್ಳಲು ನೋಡುತ್ತಾರೆ. ಸೋಂಕು ಜೋರಾಗಿದ್ದರೆ ತೆಗೆಯಲೇಬೇಕು. ಕೆಲವು ತಿಂಗಳು ಮಾಗಲು ಬಿಟ್ಟು ಮತ್ತೆ ಕಟ್ಟಬಹುದು, ಹೊಟ್ಟೆಯ ಕೊಬ್ಬು, ಚರ್ಮದಿಂದಲೂ. ದೆಹಲಿಯ ಮೇ ತಿಂಗಳ ಸೆಕೆಯೆಂದುಕೊಂಡು ಕೆಂಪು, ಬಿಸಿ, ಜ್ವರವನ್ನು ತಳ್ಳಿಹಾಕುವುದು ದೊಡ್ಡ ತಪ್ಪು.

ತಪ್ಪು ಕಲ್ಪನೆ: ಸಿಲಿಕೋನ್‌ನಿಂದ ಸ್ತನ ಕ್ಯಾನ್ಸರ್ ಬರುತ್ತದೆ.

ಸತ್ಯ: ಬರುವುದಿಲ್ಲ. ಒರಟು ಮೇಲ್ಮೈಯ ಇಂಪ್ಲಾಂಟ್‌ಗಳ ಸುತ್ತ ಬಹಳ ಅಪರೂಪಕ್ಕೆ ಲಿಂಫೋಮಾ ಎಂಬ ಬೇರೆ ಬಗೆಯ ಕ್ಯಾನ್ಸರ್ ಕಂಡಿದೆ. ಅದಕ್ಕೇ ಅಲರ್ಗನ್ ಕಂಪನಿ 2019ರ ಜುಲೈನಲ್ಲಿ ತನ್ನ ಅಂಥ ಇಂಪ್ಲಾಂಟ್‌ಗಳನ್ನು ಜಗತ್ತಿನಾದ್ಯಂತ ಹಿಂಪಡೆಯಿತು. ವರ್ಷಗಳ ಮೇಲೆ ದಿಢೀರನೆ ಊತ ಬಂದರೆ ನೀರು ತೆಗೆದು ಪರೀಕ್ಷಿಸಬೇಕು. ಬೇಗ ಸಿಕ್ಕರೆ ಪೊರೆಸಮೇತ ಇಂಪ್ಲಾಂಟ್ ತೆಗೆದಾಗ ಹೆಚ್ಚಿನವರು ಗುಣವಾಗುತ್ತಾರೆ.

ಇಂಪ್ಲಾಂಟನ್ನು ಹತ್ತು ವರ್ಷಕ್ಕೆ ಬದಲಿಸಲೇಬೇಕೆಂಬ ನಿಯಮವೂ ಇಲ್ಲ. ಆದರೆ ಸದ್ದಿಲ್ಲದೆ ಒಡೆಯಬಹುದಾದ್ದರಿಂದ ಆಗಾಗ ಸ್ಕ್ಯಾನ್ ಬೇಕು.

ಆಸ್ಪತ್ರೆ ಕೊಡುವ ಇಂಪ್ಲಾಂಟ್ ಕಾರ್ಡನ್ನು ಜೋಪಾನವಾಗಿಡಿ. ನಾಳೆ ದೆಹಲಿ ಬಿಟ್ಟು ಧಾರವಾಡಕ್ಕೋ ಮೈಸೂರಿಗೋ ಮರಳಿದರೆ, ಒಳಗಿರುವುದು ಯಾವ ಕಂಪನಿಯದು, ಯಾವ ಬಗೆಯದು ಎಂದು ಅಲ್ಲಿನ ಸರ್ಜನ್‌ಗೆ ಹೇಳುವುದು ಅದೇ.